ಗಂಜಿಯ ಬಟ್ಟಲು, ಕಾಲಿನ ಬೆರಳು

ನನ್ನ ಕಾಲಿನ ಬೆರಳು ಉಳಿಯಿತು.

ಇದನ್ನು ಮೊದಲು ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಆಮೇಲೆ. ಎಡಗಾಲಿನ ಹೆಬ್ಬೆರಳು. ತೆಗೆಯಬೇಕಾದೀತು ಎಂದು ದೊಡ್ಡ ಡಾಕ್ಟರು ಹೇಳಿದ್ದ ಬೆರಳು. ನಿನ್ನೆ ಕಾರವಾರದ ಆಸ್ಪತ್ರೆಯಲ್ಲಿ ಬ್ಯಾಂಡೇಜು ಬಿಚ್ಚಿದರು, ಸುತ್ತಲೂ ಒತ್ತಿ ನೋಡಿದರು, ಬಗ್ಗಿ ಮೂಸಿಯೂ ನೋಡಿದರು. ಮತ್ತೆ ಹೊಸ ಬ್ಯಾಂಡೇಜು ಕಟ್ಟಲಿಲ್ಲ. “ಇನ್ನು ಕಟ್ಟುವ ಕೆಲಸ ಇಲ್ಲ ಅಜ್ಜಿ. ಗಾಯ ಮುಚ್ಚಿತು” ಎಂದರು.

ಹತ್ತೂ ಬೆರಳು ನನ್ನ ಹತ್ತಿರವೇ ಇವೆ.

ನನಗೆ ಬಾಯಿ ಮುಚ್ಚಿಕೊಂಡು ಇರಲು ಆಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸಿಸ್ಟರಿಗೆ ಹೇಳಿದೆ. ಆಟೋದವನಿಗೆ ಹೇಳಿದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸಿಗೆ ಸೀರೆಯ ಅಂಚು ಎತ್ತಿ ಬೆರಳನ್ನೇ ತೋರಿಸಿದೆ. ಗುರುತಿಲ್ಲ, ಪರಿಚಯವಿಲ್ಲ, ಆದರೂ ಅವಳು ಬಗ್ಗಿ ನೋಡಿ ಚಲೋ ಆಯಿತು ಎಂದಳು. ನಮ್ಮ ಮನೆಯವರಿಗೆ ನಾಚಿಕೆ. “ಸಾಕೆ ಮಾರಾಯ್ತಿ, ಇನ್ನು ಡ್ರೈವರಂಗೆ ಒಂದು ಹೇಳುದು ಬಾಕಿ” ಎಂದರು. ಅಂಕೋಲೆಯಲ್ಲಿ ಇಳಿಯುವಾಗ ಡ್ರೈವರನಿಗೂ ಹೇಳಿದೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಬರೆಯುತ್ತ ಹೋದ ಹಾಗೆ ಅಕ್ಷರ ದೊಡ್ಡದಾಗುತ್ತದೆ, ಸಾಲು ಕೆಳಗೆ ಇಳಿಯುತ್ತದೆ. ಸೊಸೆ ಸುಜಾತಾ ತಿದ್ದಿಕೊಡುತ್ತೇನೆ ಎಂದಿದ್ದಾಳೆ. ಬರೆಯಲೇಬೇಕು ಅನಿಸಿತು. ನನ್ನ ಹಾಗೆ ಪಥ್ಯ ಮಾಡುತ್ತ ಕೂತವರು ನಮ್ಮ ಕಡೆ ಇನ್ನೂ ಎಷ್ಟು ಜನ ಇದ್ದಾರೋ.

ನಮ್ಮ ಮನೆ ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ. ಸ್ವಲ್ಪ ಗದ್ದೆ ಇದೆ. ಭತ್ತ ಕೊಯ್ದ ಮೇಲೆ ಅದರಲ್ಲೇ ಶೇಂಗಾ ಹಾಕುತ್ತೇವೆ. ಮಗ ಗಣಪತಿ ಕಾರವಾರದ ಬಂದರಿನಲ್ಲಿ ಕೆಲಸ ಮಾಡಿ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಾನೆ. ಸುಜಾತಾ ಕಾರವಾರದ ಹುಡುಗಿ, ಅಂಕೋಲೆ ಪೇಟೆಯಲ್ಲಿ ಬಟ್ಟೆ ಅಂಗಡಿಗೆ ಹೋಗುತ್ತಾಳೆ. ಅವಳ ತವರಿನಲ್ಲಿ ಕೊಂಕಣಿ. ಅತ್ತೆಗೆ ಅವರು ಮಾಂಯ್ ಎನ್ನುತ್ತಾರೆ, ಹಾಗಾಗಿ ನಾನೂ ಮಾಂಯ್ ಆದೆ. ಇವರ ಮಗಳು ಪ್ರಣತಿ ಈಗಷ್ಟೇ ಬಾಲವಾಡಿಗೆ ಹೋಗತೊಡಗಿದ್ದಾಳೆ. ಅವಳು ಎಣಿಸಲು ಕಲಿತದ್ದು ನನ್ನ ಕಾಲಬೆರಳು ಹಿಡಿದುಕೊಂಡು. ಊಟವಾದ ಮೇಲೆ ನಾನು ಜಗಲಿಯಲ್ಲಿ ಕಾಲು ಚಾಚಿದರೆ ಸಾಕು, ಬಂದು ಒಂದೊಂದೇ ಬೆರಳು ಎಳೆದು ಹತ್ತರವರೆಗೆ ಹೇಳುತ್ತಾಳೆ. ಆರು ಮರೆತರೆ ಮತ್ತೆ ಒಂದರಿಂದ.

ಶುಗರ್ ನನಗೆ ಕೆಲವು ವರ್ಷಗಳಿಂದ ಇತ್ತು. ಗುಳಿಗೆ ಕೊಟ್ಟಿದ್ದರು, ತೆಗೆದುಕೊಳ್ಳುತ್ತಿದ್ದೆ. ಚಾಕ್ಕೆ ಸಕ್ಕರೆ ಹಾಕುವುದು ಬಿಟ್ಟಿದ್ದೆ. ಹಬ್ಬದ ಪಾಯಸ ಬಿಟ್ಟಿದ್ದೆ. ಸಕ್ಕರೆಯನ್ನೇ ಬಿಟ್ಟ ಮೇಲೆ ಸಕ್ಕರೆ ಕಾಯಿಲೆಗೆ ನನ್ನ ಹತ್ತಿರ ಇನ್ನೇನು ಕೆಲಸ ಎಂದು ತಿಳಿದುಕೊಂಡಿದ್ದೆ.

ಮೊದಲು ಗೊತ್ತಾದದ್ದು ಚಪ್ಪಲಿಯಿಂದ. ಒಂದು ದಿನ ಡೇರಿಗೆ ಹಾಲು ಕೊಟ್ಟು ಬಂದೆ. ಅಂಗಳಕ್ಕೆ ಬಂದು ನೋಡಿದರೆ ಎಡಗಾಲಲ್ಲಿ ಚಪ್ಪಲಿ ಇಲ್ಲ. ಎಲ್ಲೋ ದಾರಿಯಲ್ಲಿ ಜಾರಿತ್ತು. ನಾನು ಹಾಗೇ ನಡೆದು ಬಂದಿದ್ದೆ, ಮಣ್ಣು ತಾಗಿದ್ದು ತಿಳಿದಿರಲಿಲ್ಲ. ನಮ್ಮ ಮನೆಯವರು ಹೋಗಿ ಹುಡುಕಿ ತಂದರು. ನಿನಗೆ ವಯಸ್ಸಾಯಿತು ಎಂದು ನಕ್ಕರು. ನಾನೂ ನಕ್ಕೆ.

ಸುಗ್ಗಿ ಕಳೆದ ಮೇಲೆ ಹೊಳೆಯ ನೀರು ಇಳಿದಾಗ ನಾವು ಹೆಂಗಸರು ಬಳಚು, ಅಂದರೆ ಚಿಪ್ಪುಮೀನು, ಆರಿಸಲು ಹೋಗುತ್ತೇವೆ. ಕೆಸರಿನಲ್ಲಿ ಕಾಲಿನಿಂದಲೇ ತಡಕಿ ಚಿಪ್ಪು ಹುಡುಕುವುದು, ಬಗ್ಗಿ ಕೈಯಿಂದ ತೆಗೆಯುವುದು. ಚಿಕ್ಕವಳಿದ್ದಾಗಿನಿಂದ ಮಾಡಿದ ಕೆಲಸ. ಈ ವರ್ಷ ಮಾತ್ರ ನನಗೆ ಚಿಪ್ಪು ಸಿಗಲೇ ಇಲ್ಲ. ಬೇರೆಯವರ ಬುಟ್ಟಿ ತುಂಬಿತು. ನನ್ನ ಕಾಲಿಗೆ ಕೆಸರು ಯಾವುದು ಚಿಪ್ಪು ಯಾವುದು ತಿಳಿಯುತ್ತಿರಲಿಲ್ಲ.

ಮನೆಗೆ ಬಂದು ಹೊಸ್ತಿಲು ದಾಟಿದೆ. ಪ್ರಣತಿ ನೆಲ ನೋಡಿ ಹೇಳಿದಳು, “ಅಜ್ಜಿ, ಕಾಲಿಗೆ ಎಂತಕ್ಕೆ ಕುಂಕುಮ ಹಾಕ್ದೆ?”

ಹೆಬ್ಬೆರಳ ಅಡಿ ಸೀಳಿ ರಕ್ತ ಸುರಿಯುತ್ತಿತ್ತು.

ನನಗೆ ನೋವೇ ಆಗಿರಲಿಲ್ಲ.

ನೋವಿಲ್ಲದ ಗಾಯ ಸಣ್ಣ ಗಾಯ ಎಂದುಕೊಂಡೆ. ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ, ದನದ ಕೆಲಸ ಮಾಡಿದೆ. ಗಾಯದ ಸುತ್ತ ಕಪ್ಪಾಗಿ, ವಾಸನೆ ಬರತೊಡಗಿ, ಒಂದು ಸಂಜೆ ಚಳಿ ಹಿಡಿದು ನಡುಗಿದಾಗ ಗಣಪತಿ ರಿಕ್ಷಾ ಕರೆದುಕೊಂಡು ಬಂದ. ಕಾರವಾರದಲ್ಲಿ ಅಡ್ಮಿಟ್ ಮಾಡಿಕೊಂಡರು. ಡ್ರಿಪ್ ಹಾಕಿದರು, ಗಾಯ ಕೆರೆದು ತೆಗೆದರು, ಇನ್ಸುಲಿನ್ ಶುರು ಮಾಡಿದರು. ದೊಡ್ಡ ಡಾಕ್ಟರು ಮಂಚದ ಕಾಲ ಬುಡದಲ್ಲಿ ನಿಂತು ಮಗನ ಹತ್ತಿರ ಮಾತಾಡಿದರು. ಮುದುಕಿಗೆ ಕೇಳಿಸುವುದಿಲ್ಲ ಎಂದುಕೊಂಡರೋ ಏನೋ. ಸೋಂಕು ಸದ್ಯಕ್ಕೆ ನಿಂತಿದೆ, ಶುಗರ್ ಇಳಿದರೆ ಗಾಯ ತುಂಬುತ್ತದೆ, ಇಳಿಯದಿದ್ದರೆ ಬೆರಳು ತೆಗೆಯಬೇಕು, ಇಲ್ಲದಿದ್ದರೆ ಪಾದಕ್ಕೆ ಏರುತ್ತದೆ ಎಂದರು.

ನಾನು ಹೊದಿಕೆಯ ಒಳಗೆ ಬೆರಳು ಅಲ್ಲಾಡಿಸಿ ನೋಡಿದೆ. ಅಲ್ಲಾಡಿತು.

ಮನೆಗೆ ಕಳಿಸಿದಾಗ ನನ್ನ ಅಕ್ಕ ದೇವಕ್ಕ ಬೇಲೆಕೇರಿಯಿಂದ ಬಟ್ಟೆಗಂಟು ಕಟ್ಟಿಕೊಂಡು ಬಂದು ಕೂತಳು. ಅವಳ ಗಂಡ ತೀರಿದ್ದಾರೆ, ಮಕ್ಕಳು ದೊಡ್ಡವರಾಗಿದ್ದಾರೆ. ತಂಗಿಯ ಕಾಲು ಸರಿಯಾಗುವವರೆಗೆ ಹೋಗುವುದಿಲ್ಲ ಎಂದಳು. ನನಗೆ ಎಷ್ಟು ಧೈರ್ಯ ಬಂತು ಎಂದರೆ ಹೇಳಲಾಗದು. ತಾಯಿ ಇಲ್ಲದ ಮೇಲೆ ನನಗೆ ತಾಯಿ ಅವಳೇ.

ಪಥ್ಯ ಶುರುವಾಯಿತು. ನಮ್ಮ ಕಡೆ ಪಥ್ಯ ಎಂದರೆ ಗಂಜಿ. ಜ್ವರ ಬಂದರೂ ಗಂಜಿ, ಬಾಣಂತಿಗೂ ಗಂಜಿ. ಗಾಯವಿದ್ದರೆ ಮೀನು ನಂಜು, ಮೊಟ್ಟೆ ನಂಜು, ಬೇಳೆಯೂ ಬೇಡ. ದೇವಕ್ಕ ಕುಚ್ಚಲಕ್ಕಿಯನ್ನು ಮೆತ್ತಗೆ ಬೇಯಿಸಿ ನನ್ನ ಕಂಚಿನ ಬಟ್ಟಲಿಗೆ ಸುರಿಯುತ್ತಿದ್ದಳು. ಮದುವೆಯಲ್ಲಿ ತಾಯಿ ಕೊಟ್ಟ ಬಟ್ಟಲು ಅದು. ಜೊತೆಗೆ ಒಂದು ಸಣ್ಣ ವಾಟಿಯಲ್ಲಿ ತಿಳಿಸಾರು, ಇಲ್ಲದಿದ್ದರೆ ಉಪ್ಪು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಸಂಜೆ ಹೊಟ್ಟೆ ಖಾಲಿ ಎನಿಸಿದರೆ ಮತ್ತೆ ಗಂಜಿ. ಅರ್ಧ ಬಟ್ಟಲಲ್ಲಿ ಸಾಕು ಎಂದರೆ ಅಕ್ಕನ ಮುಖ ಸಣ್ಣದಾಗುತ್ತಿತ್ತು. “ಕುಡಿಯೇ ತಂಗಿ, ಗಂಜಿ ಅಂದ್ರೆ ಎಂತ, ನೀರು. ಮೈಗೆ ತಂಪು.” ನೋಡಲು ಬಂದವರಿಗೆಲ್ಲ ನಾನು ಏನೂ ತಿನ್ನುವುದಿಲ್ಲ ಎಂದು ಹೇಳುತ್ತಿದ್ದಳು. ಅವರು ಅಯ್ಯೋ ಪಾಪ ಎನ್ನುತ್ತಿದ್ದರು. ನನಗೂ ಒಳಗೊಳಗೆ ಹೆಮ್ಮೆ. ಇಷ್ಟು ಕಟ್ಟುನಿಟ್ಟಾಗಿ ಯಾರು ಇರುತ್ತಾರೆ?

ನನಗೆ ನಂಜಾಗಬಾರದು ಎಂದು ಮನೆಯಲ್ಲಿ ಯಾರಿಗೂ ಮೀನಿಲ್ಲ. ನಮ್ಮ ಮನೆಯವರು ಒಂದು ಮಾತು ಆಡಲಿಲ್ಲ. ಪೇಟೆಯಲ್ಲಿ ಕೆಲಸವಿದೆ ಎಂದು ಆಗಾಗ ಹೋಗಿ ಬರುತ್ತಿದ್ದರು ಅಷ್ಟೆ. ಬಂದಾಗ ಮೀಸೆ ಬಂಗಡೆಯ ವಾಸನೆ ಹೊಡೆಯುತ್ತಿತ್ತು. ನಾನೂ ಒಂದು ಮಾತು ಆಡಲಿಲ್ಲ.

ಡ್ರೆಸ್ಸಿಂಗಿಗೆ ಹೋದಾಗ ರಕ್ತ ನೋಡಿದರು. ಶುಗರ್ ಏರಿತ್ತು. ಇನ್ಸುಲಿನ್ ಹೆಚ್ಚು ಮಾಡಿದರು. ಮುಂದಿನ ಸಲವೂ ಏರಿತ್ತು. ಗಾಯ ಬಾಯಿ ಬಿಟ್ಟುಕೊಂಡು ಹಾಗೇ ಇತ್ತು. ದೊಡ್ಡ ಡಾಕ್ಟರು ತಲೆ ಅಲ್ಲಾಡಿಸಿ, ಇನ್ನೊಂದು ಸಲ ನೋಡುತ್ತೇನೆ, ಆಮೇಲೆ ಕಾಯುವುದಿಲ್ಲ ಎಂದರು.

ಅಂದು ರಾತ್ರಿ ಪ್ರಣತಿ ಎಣಿಸಲು ಬಂದಳು. ನಾನು ಎಡಗಾಲು ಸೀರೆಯೊಳಗೆ ಎಳೆದುಕೊಂಡೆ. ಇನ್ನು ಐದರವರೆಗೆ ಸಾಕು ಎಂದೆ.

ಸುಜಾತಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮರುದಿನ ಅಂಗಡಿಗೆ ರಜೆ ಹಾಕಿ, ನನ್ನನ್ನೂ ನಮ್ಮ ಮನೆಯವರನ್ನೂ ಕಾರವಾರಕ್ಕೆ ಕರೆದುಕೊಂಡು ಹೋದಳು. ಅದೇ ಆಸ್ಪತ್ರೆಯಲ್ಲಿ ಶುಗರಿನವರನ್ನೇ ನೋಡುವ ಒಬ್ಬ ಲೇಡಿ ಡಾಕ್ಟರು ಇದ್ದಾರೆ, ಕುಮಟೆ ಕಡೆಯವರು. ಅವರು ನನ್ನ ಕಾಲು ನೋಡಲಿಲ್ಲ. ಏನು ತಿನ್ನುತ್ತೀರಿ ಎಂದು ಕೇಳಿದರು.

“ಏನೂ ಇಲ್ಲ ಡಾಕ್ಟ್ರೆ. ಬರೀ ಗಂಜಿ.”

“ಎಷ್ಟು ಸಲ?”

“ಹಸಿವಾದಾಗ. ಪಥ್ಯ ಮಾಡ್ತೆ ಇದ್ದೆ ಅಲ್ದಾ.”

“ಮೀನು?”

“ಮುಟ್ಟೂದಿಲ್ಲ.”

ಅವರು ಪೆನ್ನು ಕೆಳಗಿಟ್ಟರು. ನಗಲಿಲ್ಲ, ಬಯ್ಯಲೂ ಇಲ್ಲ. ನಾಳೆ ಬರುವಾಗ ಗಂಜಿ ಕುಡಿಯುವ ಬಟ್ಟಲು ತನ್ನಿ, ಸಾರು ಹಾಕಿಕೊಳ್ಳುವ ವಾಟಿಯನ್ನೂ ತನ್ನಿ ಎಂದರು.

ಮರುದಿನ ಕಂಚಿನ ಬಟ್ಟಲು, ವಾಟಿ ಚೀಲದಲ್ಲಿ ಇಟ್ಟುಕೊಂಡು ಮೂವರೂ ಬಸ್ಸು ಹತ್ತಿದೆವು. ಕಂಡಕ್ಟರ್ ಇಣುಕಿ ನೋಡಿ, ಅಜ್ಜಿ ಆಸ್ಪತ್ರೆಗೆ ಹೊರಟದ್ದೋ ಮದುವೆ ಊಟಕ್ಕೋ ಎಂದು ಕೇಳಿದ. ಡಾಕ್ಟರು ಬಟ್ಟಲನ್ನು ಮೇಜಿನ ಮೇಲಿಟ್ಟು, ನೀವು ಎಷ್ಟು ತುಂಬಿಸುತ್ತೀರೋ ಅಷ್ಟು ನೀರು ಹಾಕಿ ಎಂದರು. ಹಾಕಿದೆ. ಆಮೇಲೆ ಅದನ್ನೇ ವಾಟಿಗೆ ಬಗ್ಗಿಸಿದರು. ವಾಟಿ ತುಂಬಿತು, ಚೆಲ್ಲಿದರು. ಮತ್ತೆ ತುಂಬಿತು, ಮತ್ತೆ ಚೆಲ್ಲಿದರು. ನಮ್ಮ ಮನೆಯವರು ಗಟ್ಟಿಯಾಗಿ ಎಣಿಸುತ್ತಿದ್ದರು, ನಡುವೆ ನಿಲ್ಲಿಸಿಬಿಟ್ಟರು. ಬಟ್ಟಲಲ್ಲಿ ಇನ್ನೂ ನೀರಿತ್ತು.

ಡಾಕ್ಟರು ಹೇಳಿದ್ದು ಇಷ್ಟು. ಅನ್ನ ಬೆಂದು ನೀರಿನ ಹಾಗಾದರೂ ಅದು ಅನ್ನವೇ. ಮೆತ್ತಗೆ ಬೆಂದಷ್ಟೂ ಬೇಗ ರಕ್ತಕ್ಕೆ ಸಕ್ಕರೆಯಾಗಿ ಇಳಿಯುತ್ತದೆ. ನಾನು ಸಕ್ಕರೆ ಡಬ್ಬಿ ಮುಚ್ಚಿಟ್ಟು, ದಿನವಿಡೀ ಬಟ್ಟಲು ಬಟ್ಟಲು ಅದನ್ನೇ ಕುಡಿಯುತ್ತಿದ್ದೆ. ಗಾಯ ತುಂಬಲು ಬೇಕಾದ ಮೀನು, ಮೊಟ್ಟೆ, ಬೇಳೆಗಳನ್ನೆಲ್ಲ ಪಥ್ಯದ ಹೆಸರಲ್ಲಿ ಹೊರಗಿಟ್ಟಿದ್ದೆ.

ನಾನು ಅತ್ತೆ. ಬಟ್ಟಲು ಬಿಸಾಡಿಬಿಡುತ್ತೇನೆ ಎಂದೆ.

“ಬಿಸಾಡಬೇಡಿ ಅಜ್ಜಿ. ಅದಲುಬದಲು ಮಾಡಿ. ಇನ್ನು ವಾಟಿಗೆ ಅನ್ನ, ಬಟ್ಟಲಿಗೆ ಸೊಪ್ಪು, ತರಕಾರಿ. ಜೊತೆಗೆ ಮೀನು.”

ಮೀನು ಎಂದದ್ದೇ ತಡ, ನಮ್ಮ ಮನೆಯವರು ಎದ್ದು ನಿಂತು ಡಾಕ್ಟರಿಗೆ ಕೈ ಮುಗಿದರು. ಹುರಿಯಬೇಡಿ, ಸಾರು ಮಾಡಿ, ತೆಂಗಿನಕಾಯಿ ಕಡಿಮೆ ಹಾಕಿ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ಅವರಿಗೆ ಅದು ಕೇಳಿಸಿತೋ ಇಲ್ಲವೋ. ಇನ್ಸುಲಿನ್ ಬಿಡುವಂತಿಲ್ಲ, ಊಟ ತಪ್ಪಿಸುವಂತಿಲ್ಲ ಎಂದೂ ಹೇಳಿದರು. ಅದನ್ನು ಸುಜಾತಾ ಕೇಳಿಸಿಕೊಂಡಳು.

ಮನೆಗೆ ಬಂದು ದೇವಕ್ಕನಿಗೆ ಹೇಗೆ ಹೇಳುವುದು? ನಾನೇ ಹೇಳಿದೆ, ಮೆತ್ತಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತಿದ್ದಳು, ಗಂಜಿ ಕುದಿಯುತ್ತಿತ್ತು.

“ನನ್ನ ಗಂಜಿಯಿಂದ ನಿನ್ನ ಬೆರಳು ಕೊಳೀತು ಹೇಳಿ ಅಂದ್ರಾ?”

ಹಾಗಲ್ಲ ಅಕ್ಕ ಎಂದೆ. ಅವಳು ಗಂಜಿಯ ಪಾತ್ರೆ ಕೆಳಗಿಳಿಸಿದಳು. ಸಂಜೆ ಮೀನಿನ ಸಾರಿನ ವಾಸನೆ ಬಂದಾಗ ಗಂಟು ಕಟ್ಟಿಕೊಂಡಳು. ಗಾಯದವಳಿಗೆ ಮೀನು ತಿನ್ನಿಸುವುದನ್ನು ತಾನು ಕಣ್ಣಾರೆ ನೋಡಲಾರೆ ಎಂದಳು. ಹೊರಡುವಾಗ ಅಂಗಳದಲ್ಲಿ ಪಕ್ಕದ ಮನೆಯವಳಿಗೆ ಕೇಳುವ ಹಾಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು: “ಕಾರವಾರದ ಸೊಸೆ ಅತ್ತೆಗೆ ಅನ್ನ ಅಳೆದು ಹಾಕ್ತದೆ.”

ನಮ್ಮಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಬೇರೆ ಏನು ಅಳೆದರೂ ನಡೆಯುತ್ತದೆ, ಹಿರಿಯರ ಅನ್ನ ಅಳೆಯಬಾರದು. ಊರೆಲ್ಲ ಹರಡಿತು. ಸುಜಾತಾ ನೀರಿಗೆ ಹೋದಲ್ಲಿ ಕೇಳಿದರು, ಬಸ್ಸಿಗೆ ನಿಂತಲ್ಲಿ ಕೇಳಿದರು. ಅವಳು ನನಗೆ ಹೇಳಲಿಲ್ಲ. ಆದರೆ ಒಂದು ಮಧ್ಯಾಹ್ನ ನಾನೇ ಅವಳ ಮೇಲೆ ಹರಿಹಾಯ್ದೆ. ಹಸಿವು ತಡೆಯಲು ಆಗುತ್ತಿರಲಿಲ್ಲ. ಬಟ್ಟಲು ತುಂಬ ಬಸಳೆ ಇದ್ದರೂ ನಾಲಿಗೆ ಅನ್ನವನ್ನೇ ಹುಡುಕುತ್ತಿತ್ತು. ಕುಚ್ಚಲಕ್ಕಿ ಬೇಯುವ ವಾಸನೆಗೆ ನನಗೆ ಅಳು ಬರುತ್ತಿತ್ತು, ಇದು ಅನುಭವಿಸಿದವರಿಗೆ ಗೊತ್ತು. ನಮ್ಮದೇ ಗದ್ದೆಯ ಅಕ್ಕಿ, ನನಗೆ ಅಳೆದು ಹಾಕುವವಳು ನೀನು ಯಾರು ಎಂದುಬಿಟ್ಟೆ.

ಸುಜಾತಾ ಅದೇ ವಾಟಿ ತೆಗೆದುಕೊಂಡು ಅನ್ನ ತುಂಬಿ ತನ್ನ ತಾಟಿಗೆ ಬೋರಲು ಹಾಕಿದಳು. ಮತ್ತೆ ಬಡಿಸಿಕೊಳ್ಳಲಿಲ್ಲ.

“ನಂಗೂ ಅಷ್ಟೇ ಮಾಂಯ್. ಈಗ ಉಣ್ಣುವಾ.”

ಅಂದಿನಿಂದ ಅವಳು ಅಷ್ಟೇ ಉಂಡಳು. ಗಣಪತಿ ಒಂದು ದಿನ ನೋಡಿದ, ಎರಡನೆಯ ದಿನ ಅವನೂ ವಾಟಿ ಕೇಳಿದ. ನಮ್ಮ ಮನೆಯವರು ಮಾತ್ರ ಎರಡು ವಾಟಿ ಎಂದು ಹಟ ಹಿಡಿದರು, ಗದ್ದೆ ಕೆಲಸ ಮಾಡುವವರಿಗೆ ಅಷ್ಟು ಬೇಕು ಎಂದು ಸುಜಾತಾ ಒಪ್ಪಿದಳು. ನನ್ನ ಕೋಪ ಎಲ್ಲಿ ಹೋಯಿತೋ. ಒಬ್ಬಳೇ ಪಥ್ಯ ಮಾಡುವಾಗ ನಾನು ರೋಗಿ. ಎಲ್ಲರೂ ಅದೇ ವಾಟಿಯಲ್ಲಿ ಉಣ್ಣತೊಡಗಿದ ಮೇಲೆ ಅದು ನಮ್ಮ ಮನೆಯ ಊಟ.

ಎಡವಿದ್ದೂ ಇದೆ. ರಾಗಿ ಒಳ್ಳೆಯದು ಎಂದು ಯಾರೋ ಹೇಳಿದರು, ಬಟ್ಟಲು ತುಂಬ ರಾಗಿ ಗಂಜಿ ಮಾಡಿ ಕುಡಿದೆ. ಅದಕ್ಕೂ ಶುಗರ್ ಏರಿತು. ಡಾಕ್ಟರು ಮತ್ತೆ ವಾಟಿ ತೋರಿಸಿದರು. ಬೆಳಗಿನ ಗಂಜಿಯ ಹೊತ್ತಿಗೆ ಈಗ ಹೆಸರುಕಾಳು ಬೇಯಿಸಿ ತಿನ್ನುತ್ತೇನೆ, ಮಜ್ಜಿಗೆ ಕುಡಿಯುತ್ತೇನೆ. ಮಧ್ಯಾಹ್ನ ಮೀನು ಮೊದಲು, ಸೊಪ್ಪು ಆಮೇಲೆ, ಅನ್ನ ಕೊನೆಗೆ. ಉಂಡ ಕೂಡಲೇ ಮಲಗುತ್ತಿದ್ದವಳು ಈಗ ಡಾಕ್ಟರು ಹೇಳಿದ ಮೆತ್ತನೆ ಚಪ್ಪಲಿ ಹಾಕಿಕೊಂಡು ಅಂಗಳದಲ್ಲಿ ಸ್ವಲ್ಪ ಓಡಾಡುತ್ತೇನೆ. ಚಪ್ಪಲಿಗೆ ಹಿಂದೆ ಪಟ್ಟಿ ಇದೆ, ಜಾರುವುದಿಲ್ಲ. ದಿನವೂ ಪಾದ ತಿರುಗಿಸಿ ನೋಡುವ ಕೆಲಸ ಪ್ರಣತಿಯದು. ಅವಳಷ್ಟು ಶ್ರದ್ಧೆಯಿಂದ ಬೇರೆ ಯಾರೂ ನೋಡಲಾರರು.

ದೊಡ್ಡ ಡಾಕ್ಟರು ಇನ್ನೊಂದು ಸಲ ನೋಡಿದಾಗ ಗಾಯದ ತಳ ಕೆಂಪಾಗಿತ್ತು. ಕೆಂಪು ಒಳ್ಳೆಯದಂತೆ. ಕಾಯೋಣ ಎಂದರು. ಆ ಒಂದು ಮಾತು ಹಿಡಿದುಕೊಂಡು ಬೇಸಿಗೆ ಕಳೆದೆ. ದೇವಕ್ಕ ಬರಲಿಲ್ಲ. ಫೋನು ಮಾಡಿದರೆ ಕಾಲು ಹೇಗಿದೆ ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಗಾಯ ಅಂಚಿನಿಂದ ಒಳಕ್ಕೆ ಒಂದಿಷ್ಟೊಂದಿಷ್ಟೇ ಕೂಡಿಕೊಂಡಿತು, ಈ ಕಡೆ ಅಕ್ಕ ಇಲ್ಲದ ಮನೆಯಲ್ಲಿ ನನಗೆ ಏನೋ ಒಂದು ಹರಿದ ಹಾಗೇ ಇತ್ತು.

ನಿನ್ನೆ ಬಸ್ಸಿಳಿದು ಮನೆಗೆ ಬಂದೆವು. ಗಣಪತಿ ಆಗಲೇ ಬೇಲೆಕೇರಿಗೆ ಫೋನು ಮಾಡಿ ಹೇಳಿದ್ದ. ದೀಪ ಹಚ್ಚುವ ಹೊತ್ತಿಗೆ ಆಟೋ ನಿಂತ ಶಬ್ದ. ದೇವಕ್ಕ ಇಳಿದಳು, ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಬಂಗಡೆ. ಮಳೆಗಾಲಕ್ಕೆ ದೋಣಿ ಮೇಲೆಳೆಯುವ ಮೊದಲಿನ ಮೀನು.

ಯಾರ ಜೊತೆಯೂ ಮಾತಾಡದೆ ಹಿತ್ತಲಿಗೆ ಹೋಗಿ ತಾನೇ ಮೀನು ಕೊಯ್ದು ತೊಳೆದಳು. ಕೈ ಒರೆಸಿಕೊಂಡು ಬಂದು ನನ್ನ ಕಾಲ ಬುಡದಲ್ಲಿ ಕೂತಳು. ಪ್ರಣತಿ ಅಷ್ಟರಲ್ಲಿ ಓಡಿ ಬಂದು ಬೆರಳು ಹಿಡಿದು ಎಣಿಸತೊಡಗಿದಳು. ಆರು ಮರೆಯಲಿಲ್ಲ. ಹತ್ತು ಎಂದು ಕೂಗಿ, ದೊಡ್ಡಜ್ಜಿ ನೀನೂ ಎಣಿಸು ಎಂದಳು. ದೇವಕ್ಕ ಹೆಬ್ಬೆರಳ ಗುರುತಿನ ಮೇಲೆ ಕೈಯಾಡಿಸಿದಳು, ಬಹಳ ಹೊತ್ತು.

ಮತ್ತೆ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು, “ನಂಗೂ ಚಪ್ಪಲಿ ಜಾರ್ತದೆ ತಂಗಿ. ಗೊತ್ತೇ ಆಗುದಿಲ್ಲ. ಯಾರಿಗೂ ಹೇಳ್ಲಿಲ್ಲ.”

ನಾನು ಅವಳ ಕೈ ಹಿಡಿದುಕೊಂಡೆ. ನಾಡಿದ್ದು ರಕ್ತ ತೋರಿಸಲು ಕಾರವಾರಕ್ಕೆ ಹೋಗುವುದೆಂದು ಮಾತಾಯಿತು. ಡ್ರೈವರ್ ನನ್ನ ಪರಿಚಯದವನು ಎಂದೆ. ಅವಳು ಕಣ್ಣೊರೆಸಿಕೊಂಡು ನಕ್ಕಳು.

ಊಟಕ್ಕೆ ಎಲ್ಲರೂ ಸಾಲಾಗಿ ಕೂತೆವು. ನನಗೊಂದು ಕುರ್ಚಿ ಇಡಲು ಬಂದರು, ಬೇಡ ಎಂದು ನೆಲದಲ್ಲೇ ಕೂತೆ, ಎರಡೂ ಕಾಲು ಮುಂದೆ ಚಾಚಿಕೊಂಡು. ಮೀನಿನ ಸಾರು, ಕಂಚಿನ ಬಟ್ಟಲಿನಲ್ಲಿ ಹರಿವೆ ಸೊಪ್ಪು. ಗಣಪತಿ ತಂದ ಈಶಾಡಿ ಮಾವಿನಹಣ್ಣು ಒಂದು, ಆರು ಜನಕ್ಕೆ ಹೋಳು ಮಾಡಿ ಇಟ್ಟಿತ್ತು. ಸುಜಾತಾ ಅನ್ನದ ಪಾತ್ರೆ ಹಿಡಿದು ಬಂದವಳು ದೇವಕ್ಕನ ಮುಂದೆ ತಡೆದು ನಿಂತಳು. ಅಳೆದು ಹಾಕುವುದೋ ಹಾಗೇ ಬಡಿಸುವುದೋ ಅವಳಿಗೆ ತಿಳಿಯಲಿಲ್ಲ.

ದೇವಕ್ಕ ತಲೆ ಎತ್ತಿದಳು.

“ವಾಟಿ ಎಲ್ಲಿ ಅದೆ ಮಗಾ? ನಂಗೂ ಅದ್ರಲ್ಲೇ ಹಾಕು.”

ಸುಜಾತಾ ವಾಟಿ ತುಂಬಿ ಅವಳ ತಾಟಿಗೆ ಬೋರಲು ಹಾಕಿದಳು. ಆಮೇಲೆ ನನಗೆ. ದೇವಕ್ಕ ತನ್ನ ಕೈಯಿಂದ ಬಂಗಡೆಯ ನಡುತುಂಡು ಆರಿಸಿ ಮುಳ್ಳು ತೆಗೆದು ನನ್ನ ತಾಟಿನಲ್ಲಿಟ್ಟಳು, ತಿನ್ನು ಎಂದಳು. ನಾನು ತಿಂದೆ. ಎಲ್ಲರೂ ಉಂಡರು.